ಮನೆಯ ಮದುವೆಗೆ ನಮ್ಮದೇ ಕ್ಯಾಮೆರಾ: ಎಡವಟ್ಟಾಗುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ



ತುಳಸಿ ಲಗ್ನ ಮುಗಿಯಿತೆಂದರೆ ನಮ್ಮ ಸೊಲ್ಲಾಪುರ, ಅಕ್ಕಲಕೋಟದ ಕಡೆ ಮದುವೆಗಳ ಸುಗ್ಗಿ. ಅಕ್ಷತೆಯ ದಿನಕ್ಕೆ ವೃತ್ತಿಯ ವಿಡಿಯೊದವರನ್ನು ಹೇಳಿರುತ್ತಾರೆ. ಆದರೆ ಹಿಂದಿನ ದಿನದ ಅರಿಶಿನ, ಸುರಗಿ, ಐರಣಿ ತರುವುದು, ಮರುದಿನ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವುದು ಇವೆಲ್ಲ ಮನೆಯ ಹುಡುಗರ ಪಾಲಿಗೆ ಬರುತ್ತವೆ. "ನಿನ್ನ ಫೋನ್ ಛಲೋ ಅದ, ನೀನೇ ತಗಿಯಪ್ಪ" ಎಂದು ಹಿರಿಯರು ಒಂದು ಮಾತು ಹೇಳಿ ಹೋಗುತ್ತಾರೆ. ಖರ್ಚು ಉಳಿಸಲೆಂದು ಇಡೀ ಮದುವೆಯನ್ನೇ ಮನೆಯವರ ಕ್ಯಾಮೆರಾಕ್ಕೆ ಒಪ್ಪಿಸುವವರೂ ಈಗ ಕಡಿಮೆಯಿಲ್ಲ.

ನಮ್ಮ ಬಳಗದಲ್ಲಿ ನಡೆದದ್ದನ್ನೇ ಹೇಳುತ್ತೇವೆ. ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮದುವೆ. ಸುರಗಿಯ ಹೊತ್ತಿಗೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಕುಳಿತಲ್ಲಿಂದಲೇ ಸೋಬಾನದ ಪದ ಎತ್ತಿಕೊಂಡರು. ನಾವು ಹನ್ನೆರಡು ನಿಮಿಷ ಅಲುಗಾಡದೆ ಫೋನ್ ಹಿಡಿದು ನಿಂತೆವು. ರಾತ್ರಿ ನೋಡಿದರೆ ಮೂರೇ ನಿಮಿಷ ದಾಖಲಾಗಿತ್ತು. ಹಂದರದವರ ಕರೆ ಬಂದು ಚಿತ್ರೀಕರಣ ಅಲ್ಲಿಗೇ ನಿಂತಿತ್ತು. ಸಿಕ್ಕ ಮೂರು ನಿಮಿಷದಲ್ಲೂ ಅಜ್ಜಿಯ ದನಿಗಿಂತ ಕೂಲರಿನ ಸದ್ದೇ ಜೋರು. ಮರುವರ್ಷ ಅಜ್ಜಿ ತೀರಿಕೊಂಡರು. ಆ ಪದಗಳು ಪೂರ್ತಿ ಬರುತ್ತಿದ್ದದ್ದು ಅವರೊಬ್ಬರಿಗೇ.

ಆ ದಿನದಿಂದ ನಾವು ಕಲಿತದ್ದು ಒಂದೇ ಮಾತು: ಮತ್ತೆ ಬಾರದ ಗಳಿಗೆಗೆ ಒಂದೇ ಫೋನು, ಒಂದೇ ಕಾರ್ಡು, ಒಂದೇ ಪ್ರತಿಯನ್ನು ನಂಬಿ ನಿಲ್ಲಬಾರದು. ಈ ಲೇಖನದ ಉಳಿದ ಸಲಹೆಗಳೆಲ್ಲ ಈ ಒಂದು ಮಾತಿನ ವಿಸ್ತಾರ.

ಯಾವುದು ಮತ್ತೆ ಬರುವುದಿಲ್ಲ?

ಮೊದಲು ಮನೆಯ ಹಿರಿಯರ ಜೊತೆ ಕುಳಿತು ಒಂದು ಪಟ್ಟಿ ಮಾಡಿ. ಮದುವೆಯ ಕೆಲಸಗಳಲ್ಲಿ ಎರಡು ಬಗೆ. ಆಯೇರಿ ಮಾಡುವುದು, ಊಟದ ಪಂಕ್ತಿ, ವೇದಿಕೆಯ ಮೇಲಿನ ಫೋಟೊ, ಮೆರವಣಿಗೆ ಇವು ಗಂಟೆಗಟ್ಟಲೆ ನಡೆಯುತ್ತವೆ. ಹತ್ತು ನಿಮಿಷ ತಪ್ಪಿದರೂ ಹನ್ನೊಂದನೆಯ ನಿಮಿಷದಲ್ಲಿ ಸಿಗುತ್ತವೆ. ಅಂತರಪಟ ಸರಿಯುವುದು, ತಾಳಿ ಕಟ್ಟುವುದು, ಕೊನೆಯ ಅಕ್ಷತೆ, ಹೆಣ್ಣು ಒಪ್ಪಿಸುವಾಗ ತಾಯಿ ಆಡುವ ಮಾತು, ಅಜ್ಜಿಯರ ಪದ ಇವು ಒಂದೇ ಸಲ. ನಿಮ್ಮ ಮನೆಯ ಪದ್ಧತಿಯಲ್ಲಿ ಇಂಥವು ಎಷ್ಟಿವೆ, ಯಾವ ಹೊತ್ತಿಗೆ, ಎಲ್ಲಿ ಎಂದು ಬರೆದುಕೊಳ್ಳಿ. ಸಾಮಾನ್ಯವಾಗಿ ಹತ್ತಕ್ಕಿಂತ ಹೆಚ್ಚಿರುವುದಿಲ್ಲ. ನಿಮ್ಮ ಸಿದ್ಧತೆಯೆಲ್ಲ ಈ ಹತ್ತಕ್ಕಾಗಿ ಇರಲಿ. ಉಳಿದದ್ದು ಸಿಕ್ಕಷ್ಟು ಲಾಭ.

ಒಂದೇ ಪ್ರತಿಯನ್ನು ನಂಬಿದರೆ ದೊಡ್ಡ ಕೆಲಸವೂ ಹೇಗೆ ಅಳಿದುಹೋಗುತ್ತದೆ ಎಂಬುದಕ್ಕೆ ನಮ್ಮ ಭಾಷೆಯಲ್ಲೇ ಉದಾಹರಣೆ ಇದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ವೈ. ವಿ. ರಾವ್ ನಿರ್ದೇಶಿಸಿದ ಆ ಚಿತ್ರದ ಚಿತ್ರೀಕರಣ ನಡೆದದ್ದು ನಮ್ಮ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೊದಲ್ಲಿ. ಸಾವಿರಾರು ಜನ ನೋಡಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ತೆರೆಯ ಮೇಲೆ ಮೊದಲು ಕೇಳಿದ ಕನ್ನಡ ಹೇಗಿತ್ತೆಂದು ನಾವು ಕೇಳುವಂತಿಲ್ಲ. ಸಿನಿಮಾ ಕಂಪನಿಯ ಕೈಯಲ್ಲೇ ಉಳಿಯದ್ದು ನಮ್ಮ ಒಂದು ಫೋನಿನಲ್ಲಿ ತಾನಾಗಿ ಉಳಿದೀತೆಂದು ಭಾವಿಸುವುದು ತಪ್ಪು.

ಒಂದು ವಾರ ಮೊದಲು

ಜಾಗದ ಲೆಕ್ಕ. ಫೋನಿನಲ್ಲಿ 1080 ಪಿಕ್ಸೆಲ್ ಗುಣಮಟ್ಟದಲ್ಲಿ, ಸೆಕೆಂಡಿಗೆ 30 ಚೌಕಟ್ಟಿನಂತೆ ತೆಗೆದರೆ ಒಂದು ನಿಮಿಷಕ್ಕೆ ಸುಮಾರು 60ರಿಂದ 130 ಎಂಬಿ ಬೇಕು, ಅಂದರೆ ಗಂಟೆಗೆ 4ರಿಂದ 8 ಜಿಬಿ. 4ಕೆ ಗುಣಮಟ್ಟಕ್ಕೆ ಗಂಟೆಗೆ 10ರಿಂದ 20 ಜಿಬಿ ಮೀರಿಯೂ ಹೋಗುತ್ತದೆ. ಫೋನಿನಿಂದ ಫೋನಿಗೆ ಇದು ಬೇರೆ. ನಿಮ್ಮದರಲ್ಲಿ ಹತ್ತು ನಿಮಿಷ ತೆಗೆದು ಎಷ್ಟಾಯಿತು ನೋಡಿ, ಆರರಿಂದ ಗುಣಿಸಿ. ಬೇಕಾದಷ್ಟಕ್ಕೆ ಎರಡು ಪಟ್ಟು ಜಾಗ ಖಾಲಿ ಇಟ್ಟುಕೊಳ್ಳಿ. ಮನೆಯ ನೆನಪಿಗೆ 1080 ಧಾರಾಳವಾಗಿ ಸಾಕು.

ಕಾರ್ಡಿನ ಪರೀಕ್ಷೆ. ಕ್ಯಾಮೆರಾದಲ್ಲಿ ತೆಗೆಯುವವರು ಹೊಸ ಕಾರ್ಡನ್ನು ಮದುವೆಯ ದಿನವೇ ಮೊದಲ ಬಾರಿಗೆ ಹಾಕಬೇಡಿ. ಹೊರಗೆ 128 ಜಿಬಿ ಎಂದು ಬರೆದು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಕಾರ್ಡನ್ನು ಒಮ್ಮೆ ಪೂರ್ತಿ ತುಂಬಿಸಿ, ಕಂಪ್ಯೂಟರಿಗೆ ಇಳಿಸಿ, ಕೊನೆಯ ವಿಡಿಯೊ ತೆರೆಯುತ್ತದೆಯೇ ನೋಡಿ. ಕಾರ್ಡಿನ ಮೇಲೆ ‘ವಿ30’ ಎಂಬ ಗುರುತಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆದುಕೊಳ್ಳಬಲ್ಲದು ಎಂದರ್ಥ. ವಿಡಿಯೊಗೆ ಅಷ್ಟು ವೇಗ ಸಾಕು. ಒಂದು ದೊಡ್ಡ ಕಾರ್ಡಿಗಿಂತ ಎರಡು ಸಣ್ಣ ಕಾರ್ಡು ಮೇಲು. ಒಂದು ಕೆಟ್ಟರೂ ಅರ್ಧ ಮದುವೆ ಉಳಿಯುತ್ತದೆ.

ಕ್ಯಾಮೆರಾದ ಗಡುವು. ಹಳೆಯ ಹಲವು ಸ್ಟಿಲ್ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಅದು ಕ್ಯಾಮೆರಾ ಕೆಟ್ಟ ಲಕ್ಷಣವಲ್ಲ. ಅರ್ಧ ಗಂಟೆ ಅಥವಾ ಹೆಚ್ಚು ತೆಗೆಯುವ ಯಂತ್ರಕ್ಕೆ ಯುರೋಪಿನಲ್ಲಿ ಹೆಚ್ಚಿನ ಸುಂಕ ಬೀಳುತ್ತಿದ್ದುದರಿಂದ ತಯಾರಕರೇ ಹಾಕಿದ ಮಿತಿ. ಮಂಗಳಾಷ್ಟಕ ಆರಂಭವಾಗುವ ಹೊತ್ತಿಗೆ ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಿದರೆ ಈ ತೊಂದರೆ ತಪ್ಪುತ್ತದೆ. ಹಾಗೆಯೇ ಕೆಲವು ಕಾರ್ಡುಗಳಲ್ಲಿ ಒಂದು ಫೈಲು 4 ಜಿಬಿಗಿಂತ ದೊಡ್ಡದಾಗಲು ಬರುವುದಿಲ್ಲ. ಕ್ಯಾಮೆರಾ ತಾನೇ ಎರಡು ತುಂಡು ಮಾಡುತ್ತದೆ. ಎರಡನೆಯ ತುಂಡನ್ನು ನಕಲೆಂದು ತಿಳಿದು ಅಳಿಸಬೇಡಿ.

ಮಂಗಲ ಕಾರ್ಯಾಲಯಕ್ಕೆ ಒಂದು ಭೇಟಿ. ವೇದಿಕೆ ಯಾವ ದಿಕ್ಕಿಗೆ, ಹಿಂದೆ ಕಿಟಕಿ ಇದೆಯೇ, ಪ್ಲಗ್ ಎಲ್ಲಿ, ಜನರೇಟರ್ ಇದೆಯೇ, ಕರೆಂಟು ಹೋದರೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಕೇಳಿಕೊಳ್ಳಿ. ಕಿಟಕಿಯ ಬೆಳಕು ಮದುಮಕ್ಕಳ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ. ಒಂದು ಪರದೆ ಕಟ್ಟಿಸಿದರೆ ಸಾಕು. ಮದುವೆ ನಡೆಸುವ ಸ್ವಾಮಿಗಳನ್ನೋ ಭಟ್ಟರನ್ನೋ ಕಂಡು ತಾವು ಎಲ್ಲಿ ಕೂಡುತ್ತೀರಿ, ನಾವು ಎಲ್ಲಿ ನಿಲ್ಲಬಹುದು ಎಂದು ವಿನಯದಿಂದ ಕೇಳಿ. ಮೊದಲೇ ಕೇಳಿದವರಿಗೆ ಅವರು ಜಾಗ ಮಾಡಿಕೊಡುತ್ತಾರೆ. ಮುಹೂರ್ತದ ಹೊತ್ತಿಗೆ ನುಗ್ಗಿದವರನ್ನು ಗದರುತ್ತಾರೆ. ಮದುಮಕ್ಕಳು ದೇವಸ್ಥಾನಕ್ಕೆ ಹೋಗುವುದಿದ್ದರೆ ಅಲ್ಲಿಯೂ ಚಿತ್ರೀಕರಣಕ್ಕೆ ಅನುಮತಿ ಕೇಳಿಯೇ ಫೋನ್ ತೆಗೆಯಿರಿ.

ಕೈ ಪಳಗಿಸಿಕೊಳ್ಳಲು. ಸೊಲ್ಲಾಪುರದವರಿಗೆ ಇದಕ್ಕೊಂದು ದೊಡ್ಡ ಅವಕಾಶ ಇದೆ. ಸಂಕ್ರಾಂತಿಯ ಹಿಂದಿನ ದಿನ, ಭೋಗಿಯಂದು, ಸಿದ್ಧೇಶ್ವರ ದೇವಸ್ಥಾನದ ಬಳಿಯ ಸಮ್ಮತಿ ಕಟ್ಟೆಯಲ್ಲಿ ಸಿದ್ಧರಾಮರ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ನಡೆಯುವ ಅಕ್ಷತೆಯನ್ನು ನಾವೆಲ್ಲ ಕಂಡವರೇ. ಏಳು ನಂದಿಧ್ವಜಗಳು, ಬಾರಾಬಂದಿ ತೊಟ್ಟ ಭಕ್ತರು, ಮೇಲೆತ್ತಿದ ಸಾವಿರ ಸಾವಿರ ಕೈಗಳು. ಅದೂ ವರ್ಷಕ್ಕೆ ಒಂದೇ ಸಲ, ಮತ್ತೊಮ್ಮೆ ಮಾಡಿ ಎನ್ನುವಂತಿಲ್ಲ. ಅಲ್ಲಿ ದೂರದಲ್ಲಿ, ಯಾರಿಗೂ ಅಡ್ಡಿಯಾಗದಂತೆ ನಿಂತು ಒಮ್ಮೆ ತೆಗೆದು ನೋಡಿ. ಗದ್ದಲದಲ್ಲಿ ದನಿ ಎಷ್ಟು ಒಡೆಯುತ್ತದೆ, ಎತ್ತಿದ ಕೈಗಳ ನಡುವೆ ಏನು ಕಾಣುತ್ತದೆ, ಕೈ ಎಷ್ಟು ಹೊತ್ತಿಗೆ ನಡುಗುತ್ತದೆ ಎಂಬುದೆಲ್ಲ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಆ ದಿನ ಬರುವ ಎಡವಟ್ಟುಗಳು

ಕರೆ. ಹಲವು ಫೋನುಗಳಲ್ಲಿ ಕರೆ ಬಂದರೆ ಚಿತ್ರೀಕರಣ ನಿಲ್ಲುತ್ತದೆ, ಇಲ್ಲವೆ ದನಿ ಕಡಿದುಹೋಗುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈಯನ್ನೂ ಆರಿಸಿ. ಮದುವೆ ಮನೆಯಲ್ಲಿ ನಿಮಗೆ ಕರೆ ಬರಲೇಬೇಕಾದರೆ ಅದಕ್ಕೆ ಬೇರೆ ಫೋನ್ ಇರಲಿ. ಚಿತ್ರೀಕರಣ ನಡೆಯುವಾಗ ಪರದೆಯ ಮೇಲಿನ ಕೆಂಪು ಗುರುತು ಮತ್ತು ಓಡುವ ಅಂಕಿಯನ್ನು ಆಗಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಾವು ಆ ಹನ್ನೆರಡು ನಿಮಿಷದಲ್ಲಿ ಒಮ್ಮೆ ಅಂಕಿಯತ್ತ ಕಣ್ಣು ಹಾಯಿಸಿದ್ದರೂ ಒಂಬತ್ತು ನಿಮಿಷ ಉಳಿಯುತ್ತಿತ್ತು.

ಬಿಸಿಲು. ಐಫೋನನ್ನು 0ರಿಂದ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬಳಸಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಸೊಲ್ಲಾಪುರದ ಮೇ ತಿಂಗಳಿನ ಬಿಸಿಲು 40 ದಾಟುವುದು ನಮಗೆ ಹೊಸದಲ್ಲ. ಫೋನ್ ಕಾದರೆ ಚಿತ್ರೀಕರಣ ತಾನಾಗಿ ನಿಲ್ಲುತ್ತದೆ. ಕವಚ ತೆಗೆದುಬಿಡಿ, ನೆರಳಲ್ಲಿ ನಿಲ್ಲಿ, ಚಾರ್ಜಿಗೆ ಹಾಕಿಕೊಂಡೇ ಬಿಸಿಲಲ್ಲಿ ತೆಗೆಯಬೇಡಿ, ನಿಲ್ಲಿಸಿದ ಗಾಡಿಯಲ್ಲಿ ಬಿಟ್ಟು ಬರಬೇಡಿ. ಕಾದ ಫೋನನ್ನು ಐಸ್ ಮೇಲೋ ಫ್ರಿಜ್ಜಿನಲ್ಲೋ ಇಟ್ಟರೆ ಒಳಗೆ ನೀರಿನ ಹನಿ ಕೂಡುತ್ತದೆ. ಫ್ಯಾನಿನ ಗಾಳಿ ಸಾಕು.

ಕೂಲರು ಮತ್ತು ಬಾಜಾ. ಚಿತ್ರ ಸ್ವಲ್ಪ ಮಸುಕಾದರೂ ಮನೆಯವರು ನೋಡುತ್ತಾರೆ, ದನಿ ಕೇಳಿಸದಿದ್ದರೆ ಯಾರೂ ನೋಡುವುದಿಲ್ಲ. ಕೂಲರಿನ ಎದುರಿಗೆ, ಧ್ವನಿವರ್ಧಕದ ಪಕ್ಕದಲ್ಲಿ ನಿಲ್ಲಬೇಡಿ. ಪದ ಹಾಡುವಾಗ ಐದು ನಿಮಿಷ ಕೂಲರು ಆರಿಸಲು ಹೇಳಿ. ಹಲಗೆ, ಬ್ಯಾಂಡಿನ ಸದ್ದು ಹತ್ತಿರದಿಂದ ಹಿಡಿದರೆ ಒಡೆದು ಗರಗರ ಎನ್ನುತ್ತದೆ. ಹತ್ತಿಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಅದೇ ಸದ್ದು ಸ್ವಚ್ಛವಾಗಿ ಬರುತ್ತದೆ.

ಎರಡನೆಯ ಕಿವಿ. ಇನ್ನೊಂದು ಹಳೆಯ ಫೋನಿನಲ್ಲಿ ಧ್ವನಿಮುದ್ರಣ ಮಾತ್ರ ಶುರುಮಾಡಿ, ಮಂತ್ರ ಹೇಳುವವರ ಹತ್ತಿರವೋ ಹಾಡುವವರ ನಡುವೆಯೋ ಇಟ್ಟುಬಿಡಿ. 128 ಕೆಬಿಪಿಎಸ್ ಗುಣಮಟ್ಟದ ಧ್ವನಿಗೆ ಗಂಟೆಗೆ 60 ಎಂಬಿಯೂ ಬೇಕಾಗುವುದಿಲ್ಲ. ಎರಡೂ ಚಾಲೂ ಆದ ಮೇಲೆ ಕ್ಯಾಮೆರಾದ ಎದುರು ಒಮ್ಮೆ ಜೋರಾಗಿ ಚಪ್ಪಾಳೆ ಹೊಡೆಯಿರಿ. ಆಮೇಲೆ ಚಿತ್ರ ಮತ್ತು ಧ್ವನಿಯನ್ನು ಆ ಸದ್ದಿನ ಮೇಲೆ ಕೂಡಿಸಬಹುದು. ಮೇಲೆ ಹೇಳಿದ ಅಜ್ಜಿಯ ದನಿ ಪೂರ್ತಿ ಕಳೆಯಲಿಲ್ಲ. ಬೀಗರ ಕಡೆಯ ಹುಡುಗಿಯೊಬ್ಬಳು ಊರಲ್ಲಿರುವ ತನ್ನ ತಾಯಿಗೆ ಕೇಳಿಸಲೆಂದು ನಲವತ್ತು ಸೆಕೆಂಡಿನ ಧ್ವನಿ ಸಂದೇಶ ಕಳಿಸಿದ್ದಳು. ಅಜ್ಜಿಯ ಹತ್ತಿರ ಕುಳಿತಿದ್ದರಿಂದ ಅದರಲ್ಲಿ ಒಂದೊಂದು ಮಾತೂ ಸ್ಪಷ್ಟ. ಇಂದು ಆ ಮನೆಯಲ್ಲಿ ಕೇಳುವುದು ಅದನ್ನೇ.

ಅಕ್ಷತೆಯ ನೂಕುನುಗ್ಗಲು. ಕೊನೆಯ ಮಂಗಳಾಷ್ಟಕಕ್ಕೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಕೈ ಎತ್ತುತ್ತಾರೆ, ಸೋದರತ್ತೆಯರು ವೇದಿಕೆ ಏರುತ್ತಾರೆ. ಅಷ್ಟೊತ್ತೂ ಚೆನ್ನಾಗಿ ಕಾಣುತ್ತಿದ್ದ ಮದುಮಕ್ಕಳು ಆ ಗಳಿಗೆಗೆ ಮಾಯ. ಆದ್ದರಿಂದ ಒಬ್ಬರು ವೇದಿಕೆಯ ಒಂದು ಮಗ್ಗುಲಲ್ಲಿ ಮೊದಲೇ ನಿಲ್ಲಲಿ. ಇನ್ನೊಬ್ಬರು ಎದುರಿಗೆ ಗಟ್ಟಿ ಸ್ಟೂಲಿನ ಮೇಲೆ ನಿಲ್ಲಲಿ, ಸ್ಟೂಲು ಹಿಡಿಯಲು ಒಬ್ಬ ಹುಡುಗ ಇರಲಿ. ಇಬ್ಬರೂ ತಮ್ಮ ಜಾಗ ಬಿಡಬಾರದು, ಇಬ್ಬರೂ ಒಂದೇ ಹೊತ್ತಿಗೆ ನಿಲ್ಲಿಸಬಾರದು. ಎರಗುವ ಅಕ್ಕಿಕಾಳು, ಅರಿಶಿನದ ಪುಡಿ ಫೋನಿನ ಚಾರ್ಜಿಂಗ್ ತೂತಿಗೆ ಹೊಕ್ಕರೆ ಸಂಜೆ ಚಾರ್ಜ್ ಆಗುವುದಿಲ್ಲ. ಅಲ್ಲೊಂದು ಅಂಟುಪಟ್ಟಿ ಹಚ್ಚಿಡಿ. ಲೆನ್ಸ್ ಒರೆಸಲು ಮೆತ್ತನೆಯ ಬಟ್ಟೆ ಜೇಬಿನಲ್ಲಿರಲಿ.

ದೀಪದ ಮಿನುಗು. ನಮ್ಮ ವಿದ್ಯುತ್ತು 50 ಹರ್ಟ್ಸ್. ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ಕಣ್ಣಿಗೆ ಕಾಣದ ಆ ಏರಿಳಿತ ವಿಡಿಯೊದಲ್ಲಿ ಕಪ್ಪು ಪಟ್ಟೆಗಳಾಗಿ ಓಡುತ್ತದೆ. ಕ್ಯಾಮೆರಾದಲ್ಲಿ ಷಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಬಹುಮಟ್ಟಿಗೆ ಹೋಗುತ್ತದೆ. ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಅಥವಾ ಪಾಲ್ ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ.

ಗಾಡಿಯಲ್ಲಿ ಮರೆತ ಚೀಲ. ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್. ನಿಬ್ಬಣ ಇಳಿಸಿದ ಕ್ರೂಸರ್ ಮತ್ತೊಂದು ಬಾಡಿಗೆಗೆ ಹೊರಟುಹೋದರೆ ಚಾರ್ಜರ್, ಬ್ಯಾಟರಿ ಎಲ್ಲ ಅದರ ಜೊತೆಗೇ ಹೋದಂತೆ. ಕ್ಯಾಮೆರಾದ ಚೀಲ ನಿಮ್ಮ ಹೆಗಲಿನ ಮೇಲೇ ಇರಲಿ. ತುಂಬಿದ ಕಾರ್ಡು ಚೀಲದಲ್ಲೂ ಬೇಡ, ಒಳಜೇಬಿನಲ್ಲಿ ಇರಲಿ.

ಕೆಟ್ಟ ಮೇಲೆ ಏನು ಮಾಡಬೇಕು?

ಮೊದಲನೆಯದಾಗಿ, "ಇನ್ನೊಮ್ಮೆ ತಾಳಿ ಕಟ್ಟಿ" ಎಂದು ಹೇಳಬೇಡಿ. ನಾವು ಕರೆದಿರುವುದು ಮದುವೆಗೆ, ಶೂಟಿಂಗಿಗೆ ಅಲ್ಲ. ಮದುಮಕ್ಕಳಿಗೆ ಆ ಹೊತ್ತಿನಲ್ಲಿ ಏನೂ ಹೇಳದೆ ಮುಂದಿನ ಶಾಸ್ತ್ರವನ್ನು ಸರಿಯಾಗಿ ಹಿಡಿಯಿರಿ. ಅದೇ ಗಳಿಗೆಯನ್ನು ಬಂಧುಗಳಲ್ಲಿ ಹತ್ತು ಜನ ತಮ್ಮ ಫೋನಿನಲ್ಲಿ ತೆಗೆದಿರುತ್ತಾರೆ. ಅವರು ಚದುರುವ ಮೊದಲೇ, ಊಟದ ಹೊತ್ತಿಗೆ, ಕೇಳಿ ಇಸಿದುಕೊಳ್ಳಿ. ಎರಡು ದಿನ ಬಿಟ್ಟರೆ ಅರ್ಧ ಜನ ಅಳಿಸಿರುತ್ತಾರೆ.

ಕಾರ್ಡಿನಿಂದ ತಪ್ಪಿ ಅಳಿಸಿಹೋದರೆ ಆ ಕ್ಷಣವೇ ಆ ಕಾರ್ಡನ್ನು ಹೊರಗೆ ತೆಗೆದಿಡಿ. ಅಳಿಸಿದಾಗ ಹೋಗುವುದು ಪುಸ್ತಕದ ಪರಿವಿಡಿಯಂಥ ಪಟ್ಟಿ ಮಾತ್ರ, ಒಳಗಿನ ಪುಟಗಳು ಬಹಳ ಸಲ ಹಾಗೇ ಇರುತ್ತವೆ. ಅದರ ಮೇಲೆ ಹೊಸದು ಬರೆದರೆ ಮಾತ್ರ ನಿಜವಾಗಿ ಹೋಗುತ್ತವೆ. ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ಇಂಥದ್ದನ್ನು ಹುಡುಕಿ ತೆಗೆಯಬಲ್ಲದು. ಬ್ಯಾಟರಿ ಸತ್ತು ವಿಡಿಯೊ ಅರ್ಧಕ್ಕೆ ನಿಂತು, ಆಮೇಲೆ ತೆರೆಯದಿದ್ದರೆ ಅದನ್ನೂ ಎಸೆಯಬೇಡಿ. ಎಂಪಿ4 ಫೈಲಿನ ವಿವರಪಟ್ಟಿ ಬಹುತೇಕ ಕೊನೆಗೆ ಬರೆಯಲಾಗುತ್ತದೆ. ಅದು ಬರೆಯದೆ ಹೋದದ್ದೇ ತೊಂದರೆ. ಅದೇ ಕ್ಯಾಮೆರಾದ ಅದೇ ಸೆಟ್ಟಿಂಗಿನ ಇನ್ನೊಂದು ಒಳ್ಳೆಯ ವಿಡಿಯೊ ಜೊತೆಗಿದ್ದರೆ ‘ಅನ್‌ಟ್ರಂಕ್’ ಎಂಬ ತಂತ್ರಾಂಶದಿಂದ ಎಷ್ಟೋ ಸಲ ಸರಿಪಡಿಸಬಹುದು.

ಆ ರಾತ್ರಿಯೇ ಮಾಡಬೇಕಾದ ಕೆಲಸ

ಎಷ್ಟೇ ದಣಿವಾಗಿದ್ದರೂ ಮಲಗುವ ಮುಂಚೆ ಎಲ್ಲವನ್ನೂ ಒಂದು ಕಂಪ್ಯೂಟರಿಗೆ ಇಳಿಸಿ, ಮತ್ತೊಂದು ಹಾರ್ಡ್ ಡಿಸ್ಕಿಗೂ ಹಾಕಿ. ವಾರದೊಳಗೆ ಮೂರನೆಯ ಪ್ರತಿ ಬೇರೆ ಊರಿನ ಮನೆಗೆ ಹೋಗಲಿ. ಸೊಲ್ಲಾಪುರದ್ದು ವಿಜಯಪುರಕ್ಕೆ, ಅಕ್ಕಲಕೋಟದ್ದು ಕಲಬುರಗಿಗೆ. ಬೀಗತನ ಗಡಿ ದಾಟಿ ಬೆಳೆದಿರುವ ನಮಗೆ ಇದು ಕಷ್ಟವಲ್ಲ. ಮೂರೂ ಕಡೆ ತೆರೆದು ನೋಡಿದ ಮೇಲೆಯೇ ಕಾರ್ಡು ಖಾಲಿ ಮಾಡಿ.

ಬೇರೆ ಮನೆಯ ಪ್ರತಿ ಎಷ್ಟು ಮುಖ್ಯ ಎಂಬುದನ್ನು ಅಮೆರಿಕದ ಪಿಕ್ಸಾರ್ ಸಂಸ್ಥೆ 1998ರಲ್ಲಿ ಕಂಡುಕೊಂಡಿತು. ‘ಟಾಯ್ ಸ್ಟೋರಿ 2’ ಚಿತ್ರದ ಬಹುಪಾಲು ಫೈಲುಗಳು ಒಂದು ತಪ್ಪು ಆದೇಶದಿಂದ ಅಳಿದುಹೋದವು. ಕಾದಿಟ್ಟ ಪ್ರತಿಗಳೂ ಕೆಟ್ಟಿದ್ದವು. ಆಗಷ್ಟೇ ಮಗು ಹೆತ್ತು ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಎಂಬುವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಉಳಿದಿತ್ತು. ಚಿತ್ರ ಉಳಿದದ್ದು ಅದರಿಂದ.

ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದನ್ನು ಪ್ರತಿ ಎಂದು ಎಣಿಸಬೇಡಿ. ಅದು ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಎಂದು ಆರಿಸಿ, 2 ಜಿಬಿವರೆಗೆ ಕುಗ್ಗದೆ ಹೋಗುತ್ತದೆ. ಅಂತರ್ಜಾಲಕ್ಕೆ ಏರಿಸುವವರು ಇನ್ನೆರಡು ಮಾತು ನೆನಪಿಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆಯಲ್ಲಿ, ಅದರ ಮೆರವಣಿಗೆಯಲ್ಲಿ ಹಾಡು ನುಡಿಸಲು ವಿನಾಯಿತಿ ಕೊಟ್ಟಿದೆ. ಆದರೆ ಆ ಸಿನಿಮಾ ಹಾಡಿರುವ ವಿಡಿಯೊ ಯೂಟ್ಯೂಬಿಗೆ ಹಾಕಿದರೆ ದನಿ ಮುಚ್ಚಿಹೋಗಬಹುದು, ವಿಡಿಯೊವನ್ನೇ ತಡೆಯಬಹುದು. ಎರಡನೆಯದು, ಸುರಗಿ ನೀರಿನ, ಅರಿಶಿನದ ವಿಡಿಯೊಗಳಲ್ಲಿ ಮನೆಯ ಹೆಣ್ಣುಮಕ್ಕಳು ಇರುತ್ತಾರೆ. ಅವರನ್ನು ಕೇಳದೆ ಎಲ್ಲಿಯೂ ಹಂಚಬೇಡಿ.

1990ರ ದಶಕದ ವಿಎಚ್‌ಎಸ್ ಕ್ಯಾಸೆಟ್ಟು ಮನೆಯಲ್ಲಿದ್ದರೆ ಅದನ್ನೂ ಈಗಲೇ ಡಿಜಿಟಲ್ ಮಾಡಿಸಿ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಆ ಕೆಲಸ ನಿಲ್ಲಿಸಿತು. ಕ್ಯಾಸೆಟ್ಟು ಉಳಿದರೂ ತೋರಿಸುವ ಯಂತ್ರ ಸಿಗದ ಕಾಲ ಬಂದಿದೆ.

ಹೊರಡುವ ಮುಂಚೆ ಒಮ್ಮೆ ನೋಡಿ

1. ಮತ್ತೆ ಬಾರದ ಗಳಿಗೆಗಳ ಪಟ್ಟಿ ಜೇಬಿನಲ್ಲಿದೆಯೇ?
2. ಏರ್‌ಪ್ಲೇನ್ ಮೋಡ್ ಹಾಕಿದೆಯೇ? ಜಾಗ ಎರಡು ಪಟ್ಟು ಖಾಲಿ ಇದೆಯೇ?
3. ಎರಡನೆಯ ಫೋನ್, ಪವರ್ ಬ್ಯಾಂಕ್, ವೈರು, ಎಕ್ಸ್‌ಟೆನ್ಷನ್ ಬೋರ್ಡು ತೆಗೆದುಕೊಂಡಿರಾ?
4. ಧ್ವನಿಗೆ ಬೇರೆ ಫೋನ್ ಇಡುವವರು ಯಾರು?
5. ಅಕ್ಷತೆಗೆ ಎರಡು ಕಡೆ ನಿಲ್ಲುವ ಇಬ್ಬರು ಯಾರು? ಸ್ಟೂಲು ಎಲ್ಲಿ?
6. ಲೆನ್ಸ್ ಒರೆಸಿದಿರಾ?
7. ನಿಮ್ಮ ಊಟದ ಹೊತ್ತಿಗೆ ಕ್ಯಾಮೆರಾ ಹಿಡಿಯುವವರು ಯಾರು?

ಕೊನೆಗೊಂದು ವಿನಂತಿ. ನಮ್ಮ ಮಕ್ಕಳು ಹೆಚ್ಚಾಗಿ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದುತ್ತಿದ್ದಾರೆ. ಈ ಕಡೆಯ ಕನ್ನಡ, ಅದರ ಪದ, ಒಡಪು, ಬೀಗರ ನಡುವಿನ ಹಾಸ್ಯ ಇವು ಪೂರ್ತಿಯಾಗಿ ಕೇಳಿಬರುವ ಜಾಗಗಳಲ್ಲಿ ಮದುವೆ ಮನೆಯೂ ಒಂದು. ಆದ್ದರಿಂದ ಈ ಸಲ ನಿಮ್ಮ ಮನೆಯಲ್ಲಿ ಮದುವೆ ಇದ್ದರೆ ವೇದಿಕೆಯ ಅಲಂಕಾರ ತೆಗೆಯುವ ಮೊದಲು ಅಜ್ಜಿಯರ ಪಕ್ಕದಲ್ಲಿ ಕುಳಿತು ಹತ್ತು ನಿಮಿಷ ತೆಗೆಯಿರಿ. ಹಾಡಿದವರ ಹೆಸರು, ಊರು, ಪದ ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಎರಡು ಫೋನಿನಲ್ಲಿ ತೆಗೆಯಿರಿ, ಮೂರು ಮನೆಯಲ್ಲಿ ಇಡಿ. ಅವರು ಒಪ್ಪಿದರೆ ಸಂಘದ ಸಭೆಗೆ ಬರುವಾಗ ತನ್ನಿ, ಎಲ್ಲರೂ ಕೂಡಿ ಕೇಳೋಣ. ನೀವು ಕಂಡ ಎಡವಟ್ಟುಗಳು, ಅದಕ್ಕೆ ನೀವು ಕಂಡುಕೊಂಡ ದಾರಿ ಇದ್ದರೆ ಅದನ್ನೂ ತಿಳಿಸಿ.

ನಿಮ್ಮ ಮನೆಯ ಮಂಗಲ ಕಾರ್ಯ ನಿರ್ವಿಘ್ನವಾಗಿ ನಡೆಯಲಿ.